ಎರೆಹೊಲದ ತೇವವೂ ಗಣಕದ ನಕ್ಷೆಯೂ

ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿದ ಭೀಮೆ, ಮಹಾರಾಷ್ಟ್ರದ ಉಜ್ಜನಿ ಜಲಾಶಯವನ್ನು ದಾಟಿ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನ ಮಣ್ಣೂರ ಸೀಮೆಗೆ ಬರುವಷ್ಟರಲ್ಲಿ ಘಟ್ಟದ ಹೊಳೆಯ ಗುಣವನ್ನೆಲ್ಲ ಕಳೆದುಕೊಂಡಿರುತ್ತದೆ. 2020ರ ಅಕ್ಟೋಬರಿನಲ್ಲಿ ಅದು ಉಕ್ಕಿ ದಂಡೆಯ ಹೊಲಗಳನ್ನು ಮುಳುಗಿಸಿತು. ಮೂರು ವರ್ಷ ಕಳೆದು 2023ರಲ್ಲಿ ಅದೇ ಜಿಲ್ಲೆ ಬರಕ್ಕೆ ಸಿಕ್ಕಿತು. ಆದರೆ ಅಲ್ಲಿಯ ಬಹುಪಾಲು ಒಕ್ಕಲುತನ ನಿಂತಿರುವುದು ನದಿಯ ಮೇಲಲ್ಲ, ಎರೆಮಣ್ಣು ಹಿಡಿದಿಟ್ಟ ಮಳೆಯ ಮೇಲೆ. ಹಿಂಗಾರಿ ಜೋಳ ಬೆಳೆಯುವುದು ಬಿತ್ತಿದ ಮೇಲೆ ಸುರಿಯುವ ಮಳೆಗಿಂತ ಹೆಚ್ಚಾಗಿ, ಬಿತ್ತುವ ಮೊದಲೇ ಮಣ್ಣು ಕುಡಿದ ನೀರಿನಿಂದ. ಮಳೆಗಾಲದಲ್ಲಿ ಹಳ್ಳ ತುಂಬಿ ಹರಿಯುವುದನ್ನು ಕಂಡು ಬೆಳೆದ ಮಲೆನಾಡಿನವರಿಗೆ ಇದು ವಿಚಿತ್ರವೆನಿಸೀತು.

ಆದ್ದರಿಂದ ಅಲ್ಲಿ ನೀರಿನ ಲೆಕ್ಕವೆಂದರೆ ಮಣ್ಣಿನ ಆಳದ ಲೆಕ್ಕ. ಎರಡಡಿ ಕೆಳಗೆ ಗರಸು ಸಿಗುವ ಹೊಲಕ್ಕೂ ಐದಡಿ ಎರೆಯಿರುವ ಹೊಲಕ್ಕೂ ಒಂದೇ ಅಳತೆಯ ಒಡ್ಡು ಹಾಕುವುದು ಹಣ ಪೋಲು ಮಾಡಿದಂತೆ. ಆಳವಾದ ಎರೆಯಲ್ಲಿ ಬೇಸಿಗೆಗೆ ಒಡ್ಡೇ ಬಿರಿಯುತ್ತದೆ, ಮೊದಲ ದೊಡ್ಡ ಮಳೆಗೆ ನೀರು ಆ ಬಿರುಕಿನಲ್ಲಿ ನುಗ್ಗಿ ಒಡ್ಡನ್ನು ಕೊಚ್ಚುತ್ತದೆ. ಒಡ್ಡು ನಿಂತರೂ ಅದರ ಹಿಂದೆ ನೀರು ಮಡುಗಟ್ಟಿ ತೊಗರಿಯ ಬೇರು ಕೊಳೆಯುತ್ತದೆ. ಅಂಥ ಹೊಲಕ್ಕೆ ಹೆಚ್ಚುವರಿ ನೀರನ್ನು ಮೆಲ್ಲಗೆ ಹೊರಬಿಡುವ ದಾರಿಯೂ ಬೇಕು.

ಈ ವ್ಯತ್ಯಾಸವನ್ನು ಸರ್ವೆ ನಂಬರಿನ ಮಟ್ಟದಲ್ಲಿ ತೋರಿಸುವ ಶಕ್ತಿ ನಕ್ಷೆಯ ತಂತ್ರಾಂಶಕ್ಕಿದೆ. 2012ರಲ್ಲಿ ಆರಂಭವಾಗಿ 2019ರಲ್ಲಿ ಮುಗಿದ ಸುಜಲ-3 ಯೋಜನೆ ಕಲಬುರಗಿಯೂ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಭೂಸಂಪನ್ಮೂಲಗಳ ಸಮೀಕ್ಷೆ ನಡೆಸಿತು. ಮಣ್ಣಿನ ಆಳ, ಇಳಿಜಾರು, ಗರಸಿನ ಪ್ರಮಾಣ, ಪೋಷಕಾಂಶ ಇವುಗಳನ್ನು 1:7,920 ಪ್ರಮಾಣದ ಗ್ರಾಮನಕ್ಷೆಯ ಮೇಲೆ ಪದರಪದರವಾಗಿ ಕೂಡಿಸಲಾಯಿತು. ಮೈಲಿಗೆ ಎಂಟು ಅಂಗುಲ ಎಂಬ ಹಳೆಯ ಅಳತೆಯೇ ಇದು. ಶಾನುಭೋಗರ ಕಾಲದ ನಕ್ಷೆಗೆ ಉಪಗ್ರಹದ ಕಣ್ಣು ಬಂದಂತಾಯಿತು. ಒಳ್ಳೆಯ ಕೆಲಸ, ಅದನ್ನು ಒಪ್ಪಲೇಬೇಕು.

ಆದರೆ ಗಣಕದ ಪರದೆಯ ಮೇಲಿನ ಗೆರೆ ನೆಲಕ್ಕಿಂತ ಖಚಿತವಾಗಿ ಕಾಣುವುದೇ ಅಪಾಯ. ಫಲವತ್ತತೆಗಾಗಿ ಮಣ್ಣಿನ ಮಾದರಿ ತೆಗೆದದ್ದು 320 ಮೀಟರಿಗೊಂದರಂತೆ, ಅಂದರೆ ಸುಮಾರು 25 ಎಕರೆಗೆ ಒಂದು. ನಾಲ್ಕೈದು ಎಕರೆಯ ರೈತನ ಹೊಲಕ್ಕೆ ಬಳಿದ ಬಣ್ಣ ನೆರೆಹೊಲದಿಂದ ಊಹಿಸಿದ್ದೂ ಆಗಿರಬಹುದು. ಎತ್ತರದ ಮಾಹಿತಿ ಇನ್ನೂ ಒರಟು. ಉಚಿತವಾಗಿ ಸಿಗುವ ಉಪಗ್ರಹದ ಎತ್ತರದ ದತ್ತಾಂಶಕ್ಕೆ 30 ಮೀಟರು ಒಂದು ಚೌಕ, ತಪ್ಪು ಕೆಲವು ಮೀಟರಿನಷ್ಟು. ನೂರಕ್ಕೆ ಒಂದರಷ್ಟು ಇಳಿಜಾರಿನ ಹೊಲದಲ್ಲಿ 30 ಮೀಟರಿಗೆ ನೆಲ ತಗ್ಗುವುದು ಒಂದಡಿ ಮಾತ್ರ. ಆ ಒಂದಡಿಯನ್ನು ಆಕಾಶದ ಯಂತ್ರ ಕಾಣದು. ಮಳೆಯಲ್ಲಿ ಗೋಣಿ ಹೊದ್ದು ಬದುವಿನ ಮೇಲೆ ನಿಂತವನು ಕಾಣುತ್ತಾನೆ.

ಇನ್ನೊಂದು ಮಾತನ್ನು ಯಾವ ತಂತ್ರಾಂಶವೂ ತಾನಾಗಿ ಹೇಳುವುದಿಲ್ಲ. ಕಬ್ಬಿಗೆ ಮಣ್ಣು ಯೋಗ್ಯವೆಂದು ನಕ್ಷೆ ಹೇಳಬಹುದು, ಆದರೆ ಆ ಕಬ್ಬಿಗಾಗಿ ಭೀಮೆಗೆ ಎಷ್ಟು ಪಂಪುಗಳು ಇಳಿದಿವೆ, ಕೆಳಗಿನ ಊರಿಗೆ ಕುಡಿಯಲು ಏನು ಉಳಿಯಿತು ಎಂಬ ಪದರ ಅದರಲ್ಲಿ ಇರುವುದಿಲ್ಲ. ಇದು ಮರೆವಲ್ಲ, ಆ ಪದರವನ್ನು ಬಿಡಿಸಿದರೆ ಊರಿನಲ್ಲಿ ಜಗಳವಾಗುತ್ತದೆ. ಜಗಳವಾದರೂ ಬಿಡಿಸಬೇಕು.

ಒಡ್ಡು, ಕೃಷಿಹೊಂಡ, ನಾಲಾಬದುಗಳಿಗೆ ಮಂಜೂರಾತಿ ಸಿಗುವ ಮೊದಲು ನಕ್ಷೆ ಕನ್ನಡದಲ್ಲಿ, ಸರ್ವೆ ನಂಬರು ಓದಲು ಬರುವಷ್ಟು ದೊಡ್ಡದಾಗಿ ಪಂಚಾಯತಿಯ ಗೋಡೆಗೆ ಬರಲಿ. ಗ್ರಾಮಸಭೆ ತಿದ್ದಿದ್ದನ್ನು ಅಧಿಕಾರಿ ಗಣಕಕ್ಕೆ ಏರಿಸಲಿ. ಮಲೆನಾಡಿನ ವಿದ್ಯಾರ್ಥಿಗಳಿಗೂ ಇದು ದೂರದ ಕೆಲಸವಲ್ಲ. ಕ್ಯೂಜಿಐಎಸ್ ಎಂಬ ತಂತ್ರಾಂಶ ಉಚಿತ. ತಮ್ಮೂರಿನ ಗ್ರಾಮನಕ್ಷೆಯನ್ನು ಅದಕ್ಕೆ ಏರಿಸಿ, ಬೇಸಿಗೆಯಲ್ಲಿ ಬತ್ತುವ ಒರತೆ ಯಾವುದು, ಬತ್ತದ್ದು ಯಾವುದು ಎಂದು ಹಿರಿಯರನ್ನು ಕೇಳಿ ಗುರುತಿಸುವುದಕ್ಕೆ ಒಂದು ರಜೆ ಸಾಕು.