ಮೀಟರಿನಲ್ಲಿ ಸೊನ್ನೆ ಬಂದರೆ ತಂತಿಯಲ್ಲಿ ಕರೆಂಟಿಲ್ಲವೇ?

ವೋಲ್ಟ್‌ಮೀಟರನ್ನು ಸಮಾಂತರವಾಗಿ, ಆಮ್ಮೀಟರನ್ನು ಸರಣಿಯಲ್ಲಿ ಜೋಡಿಸಬೇಕು ಅಂತ ನಾವೆಲ್ಲ ಪಾಠ ಮಾಡುತ್ತೇವೆ. ಮುಳ್ಳು ಎಲ್ಲಿ ನಿಂತಿತು ಎಂದು ಓದಿಸುತ್ತೇವೆ. ಆದರೆ ಆ ಮೀಟರು ಏನನ್ನು ಅಳೆಯಲಾರದು ಎಂದು ಹೇಳಿಕೊಡುತ್ತೇವೆಯೇ? ತಾಳವಾಡಿ ಬೆಟ್ಟದ ಶಾಲೆಗಳಲ್ಲಂತೂ ಅದನ್ನು ಹೇಳದೆ ವಿದ್ಯುತ್ ಪಾಠ ಮುಗಿಸಬಾರದು ಎಂಬುದು ನನ್ನ ಅಭಿಪ್ರಾಯ.

ಕಾರಣ ನಿಮಗೆ ಗೊತ್ತಿರುವುದೇ. ಹೊಲದ ಆಚೆಗೆ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಕಬ್ಬು, ಬಾಳೆ, ಮುಸುಕಿನ ಜೋಳಕ್ಕೆ ಆನೆ ನುಗ್ಗದಿರಲೆಂದು ಸೋಲಾರ್ ಬೇಲಿ. ಅದರ ಪಕ್ಕದಲ್ಲೇ ಮಕ್ಕಳ ಓಡಾಟ. ಮನೆಯಲ್ಲೊಂದು ಅಗ್ಗದ ಮಲ್ಟಿಮೀಟರ್ ಇದ್ದರೆ, ಎಂಟನೇ ತರಗತಿಯ ಹುಡುಗನಿಗೆ ಅದನ್ನು ಬೇಲಿಗೆ ಹಿಡಿದು ನೋಡೋಣ ಅನ್ನಿಸದೆ ಇರುತ್ತದೆಯೇ?

ಹಿಡಿದರೆ ಏನಾಗುತ್ತೆ ನೋಡಿ. ಆ ಮೀಟರು ಮನೆಯ 50 ಹರ್ಟ್ಸ್ ವಿದ್ಯುತ್ತಿಗೆಂದು ಮಾಡಿದ್ದು. ಇಂಥ ಎಷ್ಟೋ ಮೀಟರುಗಳ ಎಸಿ ಅಳತೆಯ ಮಿತಿ ಸುಮಾರು 400 ಹರ್ಟ್ಸ್. ಬೇಲಿಯ ಯಂತ್ರವೋ ಸೆಕೆಂಡಿಗೊಮ್ಮೆ, ಮಿಲಿಸೆಕೆಂಡಿಗಿಂತಲೂ ಕಡಿಮೆ ಹೊತ್ತು, ಸಾವಿರಾರು ವೋಲ್ಟಿನ ಹೊಡೆತ ಕೊಡುತ್ತದೆ.

ಬೋರ್ಡಿನ ಮೇಲೆ ಒಂದು ಲೆಕ್ಕ ಹಾಕಿಸಿ. ಸೆಕೆಂಡಿಗೊಂದು ಹೊಡೆತ, 5000 ವೋಲ್ಟ್, 0.0001 ಸೆಕೆಂಡು ಇರುತ್ತದೆ ಎನ್ನೋಣ. ಗರಿಷ್ಠ 5000 ವೋಲ್ಟ್. ಬಿಸಿ ಮಾಡುವ ಸಾಮರ್ಥ್ಯದ ಲೆಕ್ಕದಲ್ಲಿ, ಅಂದರೆ ಆರ್‌ಎಂಎಸ್, 50 ವೋಲ್ಟ್. ಸರಾಸರಿ ಬರೀ ಅರ್ಧ ವೋಲ್ಟ್! ತಂತಿ ಒಂದೇ, ಉತ್ತರ ಮೂರು. ಅಗ್ಗದ ಮೀಟರು ಸರಾಸರಿಯನ್ನು ಹಿಡಿದು, ಅಲೆ ಸೈನ್ ಆಕಾರದ್ದೇ ಎಂದುಕೊಂಡು 1.11ರಿಂದ ಗುಣಿಸಿ ತೋರಿಸುತ್ತದೆ. ಹಾಗಾಗಿ ಸೊನ್ನೆಯ ಹತ್ತಿರದ ಅಂಕಿ ಬರಬಹುದು, ಇಲ್ಲವೇ ಅಂಕಿಗಳು ಕುಣಿಯಬಹುದು. ಒಂದು ಗಂಟೆಯ ಬಿರುಮಳೆಯನ್ನು ಇಡೀ ವರ್ಷಕ್ಕೆ ಹಂಚಿ, ಹಳ್ಳಕ್ಕೆ ನೀರೇ ಬಂದಿಲ್ಲ ಅಂದ ಹಾಗೆ.

ಅಪಾಯವೂ ಇದೆ. ಇಂಥ ಮೀಟರುಗಳು ತಾಳುವುದು ಸಾಮಾನ್ಯವಾಗಿ 600 ಅಥವಾ 1000 ವೋಲ್ಟ್ ಮಾತ್ರ. ಮೀಟರೂ ಕೆಡಬಹುದು, ಹಿಡಿದವರಿಗೂ ಹೊಡೆಯಬಹುದು. ಬೇಲಿ ಪರೀಕ್ಷಿಸಲು ಅದಕ್ಕೆಂದೇ ಮಾಡಿದ ಟೆಸ್ಟರ್ ಬೇರೆ ಇದೆ. ಅದು ದೊಡ್ಡವರ ಕೆಲಸ.

ಇನ್ನೊಂದು ಮಗ್ಗುಲೂ ಇದೆ. ಬೇಲಿ ಯಂತ್ರದ ಒಂದು ಹೊಡೆತದ ಶಕ್ತಿ 5 ಜೂಲ್ ಮೀರಬಾರದು, ಎರಡು ಹೊಡೆತಗಳ ನಡುವೆ ಒಂದು ಸೆಕೆಂಡಾದರೂ ಬಿಡುವಿರಬೇಕು ಎಂದು ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡ ಹೇಳುತ್ತದೆ. ಆ ಬಿಡುವಿನಲ್ಲಿ ಆನೆಯೂ ಮನುಷ್ಯನೂ ಹಿಂದೆ ಸರಿಯಬಹುದು. ಕಾನೂನು ಮೀರಿ ಲೈನಿನಿಂದ ನೇರವಾಗಿ ಎಳೆದ ತಂತಿಯಲ್ಲಿ ಈ ಬಿಡುವಿಲ್ಲ. ಅಲ್ಲಿ ಮೀಟರು ಸರಿಯಾಗಿಯೇ 230 ತೋರಿಸುತ್ತದೆ. 5000ಕ್ಕಿಂತ 230 ಚಿಕ್ಕದು ಅಂತ ಮಗು ಅಂದುಕೊಂಡರೆ? ಜೀವ ತೆಗೆಯುವುದು ಆ 230ರ ತಂತಿಯೇ.

ಇದು ಬೇಲಿಗಷ್ಟೇ ಸೀಮಿತವಲ್ಲ. ಇಂಡಕ್ಷನ್ ಒಲೆಯ ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಸೆಕೆಂಡಿಗೆ 20,000ಕ್ಕೂ ಹೆಚ್ಚು ಸಲ ಆವರ್ತಿಸುತ್ತದೆ. ಅಲ್ಲಿಯೂ ಈ ಮೀಟರನ್ನು ನಂಬುವಂತಿಲ್ಲ.

ಹಾಗಾದರೆ ನಾವೇನು ಮಾಡೋಣ? ಹೊಸ ಉಪಕರಣ ಬೇಡ. ಶಾಲೆಯ ಮೀಟರಿನ ಜೊತೆ ಬಂದ ಚೀಟಿಯನ್ನು ಮಕ್ಕಳಿಂದಲೇ ಓದಿಸೋಣ. ಇದು ಎಷ್ಟು ಹರ್ಟ್ಸ್‌ವರೆಗೆ? ಎಷ್ಟು ವೋಲ್ಟ್‌ವರೆಗೆ? ತೋರಿಸುವುದು ಸರಾಸರಿಯೋ, ಗರಿಷ್ಠವೋ? ಈ ಮೂರು ಪ್ರಶ್ನೆ ಕೇಳದೆ ಯಾವ ಅಂಕಿಯನ್ನೂ ನೋಟ್ಸಿನಲ್ಲಿ ಬರೆಯಿಸುವುದು ಬೇಡ. ಕೊನೆಗೆ ಒಂದು ಮಾತು ಖಡಾಖಂಡಿತವಾಗಿ ಹೇಳಿಬಿಡಿ: ಮೀಟರು ಏನೇ ತೋರಿಸಲಿ, ಬೇಲಿಯ ತಂತಿ ಮುಟ್ಟಬಾರದು.