ಕ್ಯಾಮೆರಾ ಕಂಡದ್ದು, ಅಂಪೈರ್ ಕಾಣದ್ದು

2019ರ ಜನವರಿ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ಕರ್ನಾಟಕ ವಿರುದ್ಧದ ರಣಜಿ ಸೆಮಿಫೈನಲ್‌ನಲ್ಲಿ ಸೌರಾಷ್ಟ್ರಕ್ಕೆ 279 ರನ್ ಗುರಿ. ಚೇತೇಶ್ವರ ಪೂಜಾರ ಬ್ಯಾಟಿನ ಅಂಚು ಸವರಿದ ಚೆಂಡು ವಿಕೆಟ್‌ಕೀಪರ್ ಕೈ ಸೇರಿತು. ಅಂಪೈರ್ ಬೆರಳೆತ್ತಲಿಲ್ಲ, ಪೂಜಾರ ಕದಲಲೂ ಇಲ್ಲ. ಔಟಾಗದೆ 131 ರನ್ ಬಾರಿಸಿ ತಂಡವನ್ನು ಫೈನಲ್‌ಗೆ ಒಯ್ದರು. ಗ್ಯಾಲರಿಯಿಂದ ‘ಚೀಟರ್’ ಎಂಬ ಕೂಗು.

ಆ ಕೂಗು ಸರಿಯಲ್ಲ. ತೀರ್ಪಿಗೆ ಕಾಯುವುದು ಬ್ಯಾಟರ್‌ನ ಹಕ್ಕು. ನಮ್ಮವರೇ ಹೀಗೆ ಬಚಾವಾಗಿದ್ದರೆ ಅದೇ ಗ್ಯಾಲರಿ ಚಪ್ಪಾಳೆ ತಟ್ಟುತ್ತಿತ್ತು, ಬಿಡಿ.

ಅಂಪೈರ್ ತಪ್ಪನ್ನು ತಾವಾಗಿಯೇ ತಿದ್ದಿದ ಆಟಗಾರರೂ ಇದ್ದಾರೆ. 1980ರ ಮುಂಬೈ ಜುಬಿಲಿ ಟೆಸ್ಟ್‌ನಲ್ಲಿ ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ಭಾರತದ ನಾಯಕ ಜಿ.ಆರ್. ವಿಶ್ವನಾಥ್ ವಾಪಸ್ ಕರೆಸಿದರು. ಟೇಲರ್ ಕ್ರೀಸಿಗೆ ಬಂದಾಗ ಇಂಗ್ಲೆಂಡ್ 58ಕ್ಕೆ 5. ಟೇಲರ್, ಇಯಾನ್ ಬೋಥಮ್ ಜೊತೆ 171 ರನ್ ಸೇರಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ವಿಶಿ ದೊಡ್ಡತನಕ್ಕೆ ಕೈ ಮುಗಿಯೋಣ. ಆದರೆ ಎಲ್ಲರೂ ವಿಶಿ ಆಗುವವರೆಗೆ ನ್ಯಾಯ ಕಾಯುತ್ತ ಕೂರಲಾಗದು.

ಹೊಣೆ ಹೊರಬೇಕಾದದ್ದು ಕ್ರಿಕೆಟ್ ಮಂಡಳಿ. ಪೂಜಾರ ಪ್ರಕರಣದ ಮರು ಋತುವಿನ ಸೆಮಿಫೈನಲ್, ಫೈನಲ್‌ಗಳಿಗೆ ಅಂಪೈರ್ ತೀರ್ಪನ್ನು ಕ್ಯಾಮೆರಾ ನೆರವಿನಿಂದ ಮರುಪರಿಶೀಲಿಸುವ ಡಿಆರ್‌ಎಸ್ ಅರೆಬರೆಯಾಗಿ ಬಂತು. ಚೆಂಡಿನ ಹಾದಿ ತೋರಿಸುವ ತಂತ್ರಜ್ಞಾನವೇ ಅದರಲ್ಲಿರಲಿಲ್ಲ. 2022ರ ಜೂನ್‌ನಲ್ಲಿ ಇದೇ ಚಿನ್ನಸ್ವಾಮಿಯಲ್ಲಿ ನಡೆದ ಮುಂಬೈ–ಮಧ್ಯಪ್ರದೇಶ ಫೈನಲ್‌ಗೆ ಆ ಅರೆಬರೆ ಡಿಆರ್‌ಎಸ್ ಕೂಡ ಇರಲಿಲ್ಲ. ಅದೇ ತಿಂಗಳು ಮಂಡಳಿ ಐಪಿಎಲ್ ಪ್ರಸಾರ ಹಕ್ಕುಗಳನ್ನು ಮಾರಿದ್ದು 48,390 ಕೋಟಿ ರೂಪಾಯಿಗೆ.