ಗ್ಯಾರೇಜ್ ಮಾತು: ಬ್ಲಾಕಿನೊಳಗೆ ಸ್ಟಡ್ ಕಟ್ಟಾದಾಗ

ಮುಸಫ್ಫಾದ ಗ್ಯಾರೇಜೊಂದರಲ್ಲಿ ಹೊಸದಾಗಿ ಸೇರಿರುವ ಊರ ಕಡೆಯ ಹುಡುಗನೊಬ್ಬ ಹೋದ ತಿಂಗಳು ವಾಯ್ಸ್ ಮೆಸೇಜ್ ಕಳಿಸಿದ್ದ. "ಅಣ್ಣಾ, ವಾಟರ್ ಪಂಪ್ ಬಿಚ್ಚುವಾಗ ಸ್ಟಡ್ ಕಟ್ಟಾಯ್ತು. ತುಂಡು ಬ್ಲಾಕಿನೊಳಗೇ ಉಳಿದಿದೆ. ಫೋರ್‌ಮನ್‌ಗೆ ಹೇಳಿಲ್ಲ. ಈಜಿ ಔಟ್ ಹಾಕಿ ಬೇಗ ತೆಗೆದುಬಿಡ್ಲಾ?"

ನಾನು ಹೇಳಿದ್ದು ಎರಡೇ ಮಾತು. ಈಜಿ ಔಟ್ ಮುಟ್ಟಬೇಡ. ಮೊದಲು ಫೋರ್‌ಮನ್‌ಗೆ ಹೇಳು. ಯಾಕೆ ಅಂತ ಈ ಸಲ ಎಲ್ಲರಿಗೂ ಆಗುವಂತೆ ಬರೀತಿದ್ದೇನೆ.

ಕಟ್ಟಾಗಿದ್ದು ಯಾಕೆ?

ಮೊದಲು ಇದನ್ನು ನೋಡಿ. ಬಿಗಿ ಮಾಡುವಾಗ ಗನ್ ಜಾಸ್ತಿ ಒತ್ತಿ ಕಟ್ಟಾಗಿದ್ದರೆ ಒಳಗಿನ ತುಂಡು ಹೆಚ್ಚಾಗಿ ಸಡಿಲವಾಗಿಯೇ ಇರುತ್ತದೆ. ಚೂಪು ಪಂಚ್ ಇಟ್ಟು ಅಂಚಿಗೆ ಮೆಲ್ಲಗೆ ಬಡಿದರೆ ಎಷ್ಟೋ ಸಲ ತಿರುಗಿ ಬರುತ್ತದೆ. ಬಿಚ್ಚುವಾಗ ಕಟ್ಟಾಗಿದ್ದರೆ ಮಾತ್ರ ತುಕ್ಕು ಕಚ್ಚಿದೆ ಅಂತ ಅರ್ಥ. ಇಲ್ಲಿ ಸಮುದ್ರದ ಉಪ್ಪು ಗಾಳಿ ಒಂದು ಕಡೆ, ಕೂಲೆಂಟ್ ಬದಲು ನಲ್ಲಿ ನೀರು ಹಾಕುವ ಅಭ್ಯಾಸ ಇನ್ನೊಂದು ಕಡೆ. ತುಕ್ಕು ತಡೆಯುವ ಮದ್ದು ಇರುವುದೇ ಕೂಲೆಂಟಿನಲ್ಲಿ. ಅಲ್ಯೂಮಿನಿಯಂ ಬ್ಲಾಕಾದರೆ ಸ್ಟೀಲ್ ಸ್ಟಡ್ಡಿನ ಸುತ್ತ ಬಿಳಿ ಪುಡಿ ಕಟ್ಟಿ ಥ್ರೆಡ್ ಸಿಮೆಂಟ್ ಹಾಕಿದ ಹಾಗೆ ಹಿಡಿದಿರುತ್ತದೆ.

ಈಜಿ ಔಟ್ ಯಾಕೆ ಬೇಡ?

ಸುಲಭದ ಲೆಕ್ಕ. 8 ಎಂಎಂ ಸ್ಟಡ್ ತನ್ನ ಪೂರ್ತಿ ದಪ್ಪದಲ್ಲೇ ತಡೆಯಲಾರದೆ ಕಟ್ಟಾಯ್ತು. ಈಗ ಅದರ ನಡುವೆ 4 ಎಂಎಂ ತೂತು ಕೊರೆದು ಅಷ್ಟೇ ದಪ್ಪದ ಎಕ್ಸ್‌ಟ್ರಾಕ್ಟರ್ ತಿರುಗಿಸುತ್ತೀರಿ. ಒಂದೇ ಲೋಹವಾದರೆ, ದಪ್ಪ ಅರ್ಧ ಆದಾಗ ತಿರುಚು ತಡೆಯುವ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಎಕ್ಸ್‌ಟ್ರಾಕ್ಟರ್ ಗಟ್ಟಿ ಸ್ಟೀಲ್ ನಿಜ, ಆದರೆ ಗಾಜಿನ ಹಾಗೆ ಪಟ್ಟಂತ ಮುರಿಯುತ್ತದೆ. ಜೊತೆಗೆ ಮೊನಚಾದ ಎಕ್ಸ್‌ಟ್ರಾಕ್ಟರ್ ಒಳಗೆ ಇಳಿದಷ್ಟೂ ತುಂಡನ್ನು ಹಿಗ್ಗಿಸಿ ಇನ್ನೂ ಬಿಗಿ ಮಾಡುತ್ತದೆ.

ಅದು ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಕೆಲಸ ಮಾಡಲ್ಲ. ಕಾರ್ಬೈಡ್ ಬಿಟ್ ಬೇಕು, ಇಲ್ಲವೇ ಮೆಷಿನ್ ಶಾಪಿನಲ್ಲಿ ಸ್ಪಾರ್ಕ್ ಇರೋಶನ್ ಮಾಡಿಸಬೇಕು. ಅರ್ಧ ದಿನದ ಕೆಲಸ ಎಂಜಿನ್ ಇಳಿಸುವ ಕೆಲಸವಾಗುತ್ತದೆ.

ಯಾವ ಕ್ರಮದಲ್ಲಿ ಹೋಗಬೇಕು?

ಮೊದಲು ಎಣ್ಣೆ ಮತ್ತು ಬಿಸಿ. ಪೆನಿಟ್ರೇಟಿಂಗ್ ಆಯಿಲ್ ಹಾಕಿ, ಸುತ್ತಿಗೆಯಿಂದ ಸಣ್ಣಗೆ ತಟ್ಟಿ, ಸಾಧ್ಯವಾದರೆ ರಾತ್ರಿಯಿಡೀ ಬಿಡಿ. ಮಾರನೇ ದಿನ ಎಣ್ಣೆ ಒರೆಸಿ, ತುಂಡಿನ ಸುತ್ತಲಿನ ಬ್ಲಾಕಿಗೆ ಬಿಸಿ ಕೊಡಿ. ಎರಕದ ಕಬ್ಬಿಣವಾದರೆ ಟಾರ್ಚ್ ಆಡಿಸುತ್ತಾ ಇರಿ. ಒಂದೇ ಜಾಗ ಕೆಂಪಾಗುವವರೆಗೆ ಸುಟ್ಟರೆ ಬಿರುಕು ಬಿಡುತ್ತದೆ. ಅಲ್ಯೂಮಿನಿಯಂ ಸ್ಟೀಲಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಹೀಟ್ ಗನ್ ಸಾಕು. ಅದು ಸುಮಾರು 660 ಡಿಗ್ರಿಗೆ ಕರಗುತ್ತದೆ, ಕರಗುವ ಮೊದಲು ಕೆಂಪಾಗಿ ಎಚ್ಚರಿಕೆಯನ್ನೂ ಕೊಡಲ್ಲ. ಬಿಸಿ ಇರುವಾಗ ಮೇಣದಬತ್ತಿ ತಾಗಿಸಿದರೆ ಮೇಣ ಕರಗಿ ಥ್ರೆಡ್ಡಿಗೆ ಇಳಿಯುತ್ತದೆ. ತುಂಡು ಹೊರಗೆ ಚಾಚಿದ್ದರೆ ಗ್ರಿಪ್ ಹಾಕಿ, ಸ್ವಲ್ಪ ಬಿಗಿ, ಸ್ವಲ್ಪ ಸಡಿಲ, ಹೀಗೆ ಆಡಿಸಿ. ಒಂದೇ ಸಲ ಎಳೆಯಬೇಡಿ.

ಒಂದು ಎಚ್ಚರಿಕೆ. ಬಿಸಿ ಜಾಗಕ್ಕೆ ಬ್ರೇಕ್ ಕ್ಲೀನರ್ ಹೊಡೆಯಲೇಬೇಡಿ. ಕ್ಲೋರಿನ್ ಇರುವ ಕ್ಲೀನರ್ ಬೆಂಕಿಗೆ ಅಥವಾ ವೆಲ್ಡಿಂಗಿಗೆ ಸಿಕ್ಕಿದರೆ ಫಾಸ್ಜೀನ್ ಎಂಬ ವಿಷದ ಗಾಳಿ ಬರುತ್ತದೆ. ಶ್ವಾಸಕೋಶಕ್ಕೆ ಆಗುವ ಹಾನಿ ಕೆಲವು ಗಂಟೆ ಬಿಟ್ಟು ಗೊತ್ತಾಗಬಹುದು. ಪೆಟ್ರೋಲ್, ಥಿನ್ನರ್ ಮಾತೇ ಬೇಡ.

ಎರಡನೆಯದು ವೆಲ್ಡಿಂಗ್. ತುಂಡಿನ ಮೇಲೆ ವಾಷರ್, ಅದರ ಮೇಲೆ ನಟ್ಟು ಇಟ್ಟು, ನಟ್ಟಿನ ಒಳಗೆ ವೆಲ್ಡ್ ತುಂಬಿಸುವುದು. ಜಿಂಕ್ ಲೇಪದ ನಟ್ಟು ಬೇಡ, ಅದರ ಹೊಗೆ ಜ್ವರ ಬರಿಸುತ್ತದೆ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಅರ್ತ್ ಕ್ಲ್ಯಾಂಪನ್ನು ತುಂಡಿನ ಹತ್ತಿರವೇ ಹಾಕಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ. ಕೆಂಪು ಆರಿದ ಮೇಲೆ ಸ್ಪ್ಯಾನರ್ ಹಾಕಿ ಆಡಿಸಿ. ಆ ಬಿಸಿಯೇ ತುಕ್ಕಿನ ಹಿಡಿತ ಬಿಡಿಸುತ್ತದೆ. ನಟ್ಟು ಕಳಚಿ ಬಂದರೆ ಬೇಸರ ಬೇಡ, ಇನ್ನೊಂದು ಹಾಕಿ. ಪ್ರತಿ ಸಲವೂ ತುಂಡು ಇನ್ನಷ್ಟು ಸಡಿಲವಾಗುತ್ತದೆ.

ಕೊನೆಯದು ಡ್ರಿಲ್. ಮುಖ ಸಮ ಮಾಡಿ, ಸರಿಯಾಗಿ ನಡುವೆ ಪಂಚ್ ಹೊಡೆಯಿರಿ. ಬಿಟ್ ಜಾರುತ್ತದೆ ಅನ್ನಿಸಿದರೆ ಹಳೇ ಪಂಪನ್ನೇ ಅದರ ಜಾಗಕ್ಕೆ ಕೂರಿಸಿ, ಆ ಬೋಲ್ಟ್ ತೂತಿಗೆ 3 ಎಂಎಂ ತೂತಿನ ಬುಷ್ ಹಾಕಿ ಕೊರೆಯಿರಿ. ಬಿಟ್ ಬೇರೆ ಕಡೆ ಹೋಗಲ್ಲ. ಮೊದಲು 3 ಎಂಎಂ, ಆಮೇಲೆ ಹಂತ ಹಂತವಾಗಿ ದೊಡ್ಡದು. ಎಡಕ್ಕೆ ತಿರುಗುವ ಬಿಟ್ ಸಿಕ್ಕಿದರೆ ಅದೇ ಒಳ್ಳೆಯದು, ಕೊರೆಯುವಾಗಲೇ ತುಂಡು ಬಿಚ್ಚಿ ಬರಬಹುದು. ಎಂ8 x 1.25ಕ್ಕೆ 6.8 ಎಂಎಂ, ಎಂ10 x 1.5ಕ್ಕೆ 8.5 ಎಂಎಂ, ಎಂ10 x 1.25ಕ್ಕೆ 8.8 ಎಂಎಂ ಕೊನೆ ಅಳತೆ. ಉಳಿದ ಚೂರು ಕಿತ್ತು ಟ್ಯಾಪ್ ಹಾಕಿ. ಥ್ರೆಡ್ ಹೋಗಿದ್ದರೆ ಹೆಲಿಕಾಯಿಲ್ ಇದೆ.

ಹೊಸ ಸ್ಟಡ್ ಹಾಕುವ ಮೊದಲು ತೂತು ಒಣಗಿರಲಿ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ನಿಂತಿದ್ದರೆ ಬಿಗಿ ಮಾಡುವಾಗ ಬ್ಲಾಕೇ ಸೀಳಬಹುದು. ನೀರಿನ ದಾರಿಗೆ ತೆರೆಯುವ ತೂತಾದರೆ ಥ್ರೆಡ್ಡಿಗೆ ಸೀಲೆಂಟ್ ಬೇಕು.

ಫೋರ್‌ಮನ್‌ಗೆ ಹೇಳುವುದು ಯಾಕೆ?

ಹುಡುಗರು ಹೆದರುವುದು ಸ್ಟಡ್ಡಿಗಲ್ಲ, ಸಂಬಳ ಕಟ್ಟಾಗುತ್ತದೆ ಅಂತ. ಆ ಹೆದರಿಕೆಯಲ್ಲೇ ಒಳಗೊಳಗೆ ಆತುರ ಮಾಡಿ ಈಜಿ ಔಟ್ ಮುರಿಯುತ್ತಾರೆ. ತುಕ್ಕು ಹಿಡಿದ ಸ್ಟಡ್ ಕಟ್ಟಾಗುವುದು ಯಾರ ಕೈಯಲ್ಲೂ ಆಗುವ ಮಾತು. ಅದನ್ನು ಮುಚ್ಚಿಟ್ಟು ದೊಡ್ಡದು ಮಾಡಿದರೆ ಮಾತ್ರ ನಿಮ್ಮ ತಲೆಗೆ ಬರುತ್ತದೆ. ಬಿಚ್ಚುವ ಮೊದಲೇ ತುಕ್ಕು ಕಂಡರೆ ಫೋಟೋ ತೆಗೆದು, ಬೋಲ್ಟ್ ಕಟ್ಟಾಗಬಹುದು ಅಂತ ಜಾಬ್ ಕಾರ್ಡಿನಲ್ಲಿ ಬರೆಸಿ. ಗಿರಾಕಿಗೂ ಆಗಲೇ ಗೊತ್ತಿರುತ್ತದೆ.

ಇನ್ನೊಂದು ವಿಷಯ ತಿಳಿದಿರಲಿ. ಯುಎಇಯ 2021ರ ಕಾರ್ಮಿಕ ಕಾನೂನಿನ ಪ್ರಕಾರ, ಕೆಲಸಗಾರನ ತಪ್ಪಿನಿಂದಲೇ ಮಾಲೀಕರ ಸಾಮಾನು ಹಾಳಾಗಿದ್ದರೂ, ಆ ನಷ್ಟವನ್ನು ಸಂಬಳದಲ್ಲಿ ಹಿಡಿಯಲು ಅವನ ಲಿಖಿತ ಒಪ್ಪಿಗೆ ಬೇಕು. ಆದ್ದರಿಂದ ಏನು ಬರೆದಿದೆ ಅಂತ ಗೊತ್ತಿಲ್ಲದ ಕಾಗದಕ್ಕೆ, ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಓದಲು ಬರುವವರನ್ನು ಕರೆದು ಓದಿಸಿಕೊಳ್ಳಿ.

ಮುಂದಿನ ತಿಂಗಳು ಕೂಲೆಂಟ್ ಬಗ್ಗೆ: ಯಾವ ಬಣ್ಣ, ಎಷ್ಟು ನೀರು, ಯಾವಾಗ ಬದಲಿಸಬೇಕು. ಪ್ರಶ್ನೆ ಇದ್ದವರು ಸಂಚಿಕೆ ಕೈಗೆ ಬಂದ ವಾರದೊಳಗೆ ಕಳಿಸಿ.